ತಾಮ್ರದ ಬಾವಿಗೆ ಇಳಿದದ್ದು

ಹೊಸದಾಗಿ ಭೂವಿಜ್ಞಾನ ಓದಲು ಸೇರಿದ ಹುಡುಗ ಹುಡುಗಿಯರು ಈಗಲೂ ನಮ್ಮ ಮನೆಗೆ ಬರುತ್ತಾರೆ. ಚಹಾ ಮುಗಿಯುವ ಮೊದಲೇ ಒಂದು ಪ್ರಶ್ನೆ ಬಂದೇ ಬರುತ್ತದೆ: "ಮ್ಯಾಡಮ್, ಸೊಲ್ಲಾಪುರದವರು ನೀವು, ತಾಮ್ರದ ಸಂಶೋಧನೆಗೆ ಹೆಂಗ ಹೋದ್ರಿ?" ಅವರು ಕೇಳುವುದರಲ್ಲಿ ತಪ್ಪಿಲ್ಲ. ನಮ್ಮ ಜಿಲ್ಲೆಯಲ್ಲಿ ಎಲ್ಲಿ ಅಗೆದರೂ ಸಿಗುವುದು ಕರಿಕಲ್ಲು. ಲಾವಾ ಹರಿದು, ಆರಿ, ಪದರದ ಮೇಲೆ ಪದರ ಕೂತ ಬಸಾಲ್ಟ್ ಅದು. ತಾಮ್ರದ ಗಣಿ ಇಲ್ಲಿ ಒಂದೂ ಇಲ್ಲ, ಮುಂದೆ ಆಗುವ ಲಕ್ಷಣವೂ ಇಲ್ಲ. ಆದರೂ ತಾಮ್ರ ನೆಲದೊಳಗೆ ಒಂದು ಕಡೆ ಹೇಗೆ ಒಟ್ಟಾಗುತ್ತದೆ ಎಂಬ ಒಂದೇ ಪ್ರಶ್ನೆಯ ಹಿಂದೆ ನನ್ನ ಇಡೀ ನೌಕರಿಯ ಕಾಲ ಕಳೆಯಿತು. ಯಾವ ವರ್ಷ ಯಾವ ಕುರ್ಚಿಗೆ ಏರಿದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದನ್ನು ಪಿಂಚಣಿ ಕಚೇರಿಯವರು ನೋಡಿಕೊಳ್ಳುತ್ತಾರೆ. ನಾನು ಒಂದು ಬಾವಿಯ ಕಥೆ ಹೇಳುತ್ತೇನೆ.

ನಮ್ಮದು ಭಾಂಡೆ ಅಂಗಡಿ. ಸೊಲ್ಲಾಪುರದ ಪೇಟೆಯಲ್ಲಿ ಅಜ್ಜನ ಕಾಲದಿಂದ ತಾಮ್ರ ಹಿತ್ತಾಳೆಯ ಪಾತ್ರೆ ಮಾರುವ ಮನೆತನ. ಹಂಡೆ, ಕೊಡ, ತಂಬಿಗೆ, ನೀರು ಕಾಯಿಸುವ ಬಂಬು. ಹೊಸ ಪಾತ್ರೆಗಿಂತ ಮೋಡಿನ ವ್ಯಾಪಾರವೇ ನನಗೆ ಇಷ್ಟ. ಮೋಡು ಎಂದರೆ ತೂತು ಬಿದ್ದ, ನೆಗ್ಗಿದ ಹಳೇ ಪಾತ್ರೆ. ವಳಸಂಗ, ಅಕ್ಕಲಕೋಟ ಕಡೆಯ ಹೆಂಗಸರು ಅದನ್ನು ಗಂಟು ಕಟ್ಟಿ ತಂದು ಹಾಕಿ, ಹೊಸದನ್ನು ಒಯ್ಯುತ್ತಿದ್ದರು. ಅಪ್ಪ ಒಂದೊಂದನ್ನೂ ಬೆರಳಿನಿಂದ ಬಾರಿಸಿ, ಉಗುರಿನಿಂದ ಕೆರೆದು, ತಾಮ್ರವೋ ಮಿಶ್ರಣವೋ ಹೇಳುತ್ತಿದ್ದರು. ಎಷ್ಟೋ ಮನೆಗಳಲ್ಲಿ ಚದುರಿಹೋಗಿದ್ದ ತಾಮ್ರ ನಮ್ಮ ಅಂಗಡಿಯ ಮೂಲೆಯಲ್ಲಿ ಗುಡ್ಡೆಯಾಗುತ್ತಿತ್ತು.

"ಅಪ್ಪಾ, ಇದೆಲ್ಲಾ ಮೊದಲ ಎಲ್ಲಿತ್ತು?" ಎಂದು ಕೇಳುತ್ತಿದ್ದೆ.

"ಮಂದಿ ಮನ್ಯಾಗ."

"ಅದಕ್ಕಿಂತ ಮೊದಲ?"

"ನಮ್ಮ ಅಂಗಡ್ಯಾಗ."

"ಅದಕ್ಕೂ ಮೊದಲ?"

"ಭೂಮ್ಯಾಗ. ತಲಿ ತಿನಬ್ಯಾಡ, ಹೋಗಿ ಅಭ್ಯಾಸ ಮಾಡು."

ಅಪ್ಪ ಬೇಸತ್ತು ಹೇಳಿದ ಮಾತನ್ನು ನಾನು ಆಜ್ಞೆ ಎಂದು ತಿಳಿದೆ. ಕಾಲೇಜಿನಲ್ಲಿ ಭೂವಿಜ್ಞಾನ ತೆಗೆದುಕೊಂಡೆ. ನಮ್ಮ ವರ್ಗದಲ್ಲಿ ಹುಡುಗಿ ಎಂದರೆ ನಾನೊಬ್ಬಳೇ.

ನಾನು ಕಾಲೇಜಿನಲ್ಲಿದ್ದಾಗ ಭಂಡಾರಕವಠೆಯ ಸಿದ್ರಾಮಪ್ಪ ಎಂಬ ರೈತರು ಅಂಗಡಿಗೆ ಬಂದರು. ನಮ್ಮ ಹಳೇ ಗಿರಾಕಿ, ಆಗಿನ್ನೂ ಹರೆಯದವರು. ಟವೆಲಿನಲ್ಲಿ ಸುತ್ತಿ ತಂದಿದ್ದ ಕಲ್ಲನ್ನು ಗಾದಿಯ ಮೇಲೆ ಬಿಚ್ಚಿಟ್ಟರು. ಕರಿಕಲ್ಲಿನ ತುಂಬ ಸಣ್ಣ ಸಣ್ಣ ಗುಳಿ, ಗುಳಿಯ ಒಳಗೆಲ್ಲ ಹಸಿರು.

"ಬಾವಿ ತಳಾ ತೆಗೀಲಿಕ್ಕತ್ತಿದ್ವಿ ಸಾವ್ಕಾರ್ರ. ಸುತ್ತೂ ಇದs ಬಂತು. ಏನಿದು?"

ಅಪ್ಪ ಉಗುರು ಹಾಕಿ ಕೆರೆದರು, ಬೆಳಕಿಗೆ ಹಿಡಿದರು. "ಕಿಲುಬ ಇದು. ಒಳಗ ತಾಮ್ರ ಇರಬೇಕು" ಎಂದರು. ಜನ್ಮವೆಲ್ಲ ಪಾತ್ರೆಯ ಮೇಲಿನ ಹಸಿರು ಕಿಲುಬನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಸಿದ ಮನುಷ್ಯ ಇನ್ನೇನು ಹೇಳಿಯಾರು?

ಸುದ್ದಿ ಹಬ್ಬಿತು. ನಮ್ಮ ಕಡೆ ರಾತ್ರಿ ತಾಮ್ರದ ತಂಬಿಗೆಯಲ್ಲಿ ನೀರಿಟ್ಟು ಬೆಳಿಗ್ಗೆ ಕುಡಿಯುವುದು ಎಲ್ಲರ ರೂಢಿ. ಸಿದ್ರಾಮಪ್ಪನ ಬಾವಿ ದೇವರೇ ನೆಲದಲ್ಲಿ ಹೂತಿಟ್ಟ ತಾಮ್ರದ ತಂಬಿಗೆ ಎಂದು ಜನ ನಂಬಿದರು. ಸುತ್ತಲಿನ ಊರುಗಳಿಂದ ಕೊಡ ಹಿಡಿದು ಬರತೊಡಗಿದರು. ಬಾವಿಗೆ ಇಳಿಯುವವರು ಚಪ್ಪಲಿ ಬಿಟ್ಟು ಇಳಿದರು. ಕೆಲವರು ತಾಮ್ರದ ಪೈಸೆ ಎಸೆದು ಕೈಮುಗಿದರು. ಸಿದ್ರಾಮಪ್ಪ ಒಂದು ಆಣೆ ಮಾಡಿದರು: ಮೊದಲಿನಿಂದ ಕೈಯಿಂದಲೇ ತೋಡಿದ ಈ ಬಾವಿಗೆ ಮುಂದೆಯೂ ಸುರುಂಗ ಇಡುವುದಿಲ್ಲ. ಸುರುಂಗ ಎಂದರೆ ಕಲ್ಲಿಗೆ ತೂತು ಕೊರೆದು ಮದ್ದು ತುಂಬಿ ಹಾರಿಸುವುದು. ಊರಿನವರೆಲ್ಲ ಹಾಗೆ ಬಾವಿ ಆಳ ಮಾಡುತ್ತಿದ್ದಾಗ ಇವರೊಬ್ಬರು ಉಳಿ, ಸುತ್ತಿಗೆ ಹಿಡಿದು ಬೇಸಿಗೆಗೊಮ್ಮೆ ಚೂರು ಚೂರೇ ಕಡಿಸಿದರು. ತಮ್ಮಂದಿರು ಸಿಟ್ಟಾಗಿ ಬೇರೆ ಕಡೆ ಬಾವಿ ತೋಡಿಕೊಂಡರು.

ನಾನು ಆ ಕಲ್ಲಿನ ಹಸಿರನ್ನು ಕೆರೆದು ಕಾಲೇಜಿನ ಪ್ರಯೋಗಶಾಲೆಗೆ ಒಯ್ದೆ. ಆಮ್ಲದಲ್ಲಿ ಕುದಿಸಿ, ಅದರಲ್ಲಿ ಉಜ್ಜಿದ ಕಬ್ಬಿಣದ ಮೊಳೆ ಅದ್ದಿದೆ. ತಾಮ್ರವಿದ್ದರೆ ಮೊಳೆ ಕೆಂಪಾಗಬೇಕು. ಆಗಲಿಲ್ಲ. ಮತ್ತೆ ಮಾಡಿದೆ, ಆಗಲಿಲ್ಲ. ನಮ್ಮ ಪ್ರಾಧ್ಯಾಪಕರು ನೋಡಿ, ಇದು ಸೆಲಡೊನೈಟ್, ಲಾವಾ ಆರಿದ ಮೇಲೆ ಗುಳಿಗಳಲ್ಲಿ ಕೂರುವ ಹಸಿರು ಖನಿಜ, ಇದರ ಬಣ್ಣ ಕಬ್ಬಿಣದಿಂದ ಬಂದದ್ದು ಎಂದರು. ಅಪ್ಪನಿಗೆ ಮೊಳೆ ತೋರಿಸಿದೆ. ಅವರು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿ, "ಅಂದ್ರ ಹಸರೆಲ್ಲಾ ಕಿಲುಬ ಅಲ್ಲ" ಎಂದರು. "ನೀನs ಹೋಗಿ ಸಿದ್ರಾಮಪ್ಪಗ ಹೇಳು. ನನಗ ಮಾರಿ ಇಲ್ಲ."

ಎಸ್‌ಟಿ ಬಸ್ಸು ಹಿಡಿದು ಹೋಗಿ ಹೇಳಿದೆ. ಸಿದ್ರಾಮಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬಾವಿಯಿಂದ ಒಂದು ತಂಬಿಗೆ ಸೇದಿ ಮುಂದಿಟ್ಟರು.

"ಮೊದಲ ನೀರ ಕುಡಿ ತಂಗಿ. ರುಚಿ ಹೆಂಗದ?"

"ನೀರಿನಂಗ ಅದ ಕಾಕಾ."

"ನಿನ್ನ ನಾಲಿಗಿಗೂ ಮೊಳಿ ಬಡದಾರ ಕಾಲೇಜಿನ್ಯಾಗ" ಎಂದು ನಕ್ಕರು. "ನೀ ಅಭ್ಯಾಸ ಮಾಡು. ನಾ ಸುರುಂಗ ಇಡಂಗಿಲ್ಲ."

ಅಲ್ಲಿಗೆ ಆ ಮಾತು ಮುಗಿಯಿತು ಎಂದುಕೊಂಡಿದ್ದೆ.

ಸರಕಾರದ ಭೂವಿಜ್ಞಾನ ಇಲಾಖೆಯಲ್ಲಿ ನೌಕರಿ ಸಿಕ್ಕಿತು. ಮೊದಲ ವರ್ಷಗಳು ಬೇರೆ ರಾಜ್ಯದ ತಾಮ್ರದ ಗುಡ್ಡಗಳಲ್ಲಿ ಕಳೆದವು. ಡೇರೆ, ಧೂಳು, ಸುತ್ತಿಗೆ, ಭೂತಗನ್ನಡಿ. ಹೆಂಗಸಿಗೆ ಶಿಬಿರದಲ್ಲಿ ಎಲ್ಲಿ ಜಾಗ ಕೊಡುವುದು ಎಂದು ಕಚೇರಿಯವರು ಪತ್ರ ಬರೆದುಕೊಳ್ಳುತ್ತಿರುವಾಗ ನಾನು ಡೇರೆ ಹಾಕಿಕೊಂಡು ಮಲಗಿಯೂ ಆಗಿತ್ತು. ನನ್ನ ಮೇಲಧಿಕಾರಿ ದೇಶಪಾಂಡೆ ಸಾಹೇಬರು. ಪುಣೆಯ ಕಡೆಯವರು, ಮರಾಠಿ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ, ಯಾವುದನ್ನೂ ಸುಮ್ಮನೆ ನಂಬುತ್ತಿರಲಿಲ್ಲ. ಅಲ್ಲಿ ನಾನೊಂದು ಎಡವಟ್ಟು ಮಾಡಿದೆ. ಗುಡ್ಡದ ಪಕ್ಕದಲ್ಲಿ ಹಸಿರು ಪಟ್ಟೆ ಕಂಡಿತು. ಮೊಳೆ ಅದ್ದಿದೆ, ಕೆಂಪಾಯಿತು. ಈ ಸಲ ನಿಜವಾದ ತಾಮ್ರ ಎಂದು ಕುಣಿದು ಅದರ ಕೆಳಗೇ ಕೊರೆಸಿದೆ. ಬರೀ ಬಂಡೆ. ತಾಮ್ರ ಇದ್ದದ್ದು ಮೇಲಿನ ಇಳಿಜಾರಿನಲ್ಲಿ. ಮಳೆನೀರು ಅದನ್ನು ಕರಗಿಸಿ ತಂದು ಕೆಳಗೆ ಬಳಿದುಹೋಗಿತ್ತು. ಸಾಹೇಬರು ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ, "ಸೊಲ್ಲಾಪುರದವರಿಗೆ ಹಸಿರು ಕಂಡರೆ ಸಾಕು" ಎಂದರು. ಮೈ ಉರಿಯಿತು. ಆದರೂ ಪಾಠ ಕಲಿತೆ. ಹೊಸಬರೇ, ಬಣ್ಣ ಕಂಡ ಕೂಡಲೇ ಕೊರೆಯಬೇಡಿ. ನೀರು ಎಲ್ಲಿಂದ ಬಂತು ಎಂದು ಮೊದಲು ನೋಡಿ.

ಅಲ್ಲಿಯೇ ನನ್ನ ಚಿಕ್ಕಂದಿನ ಪ್ರಶ್ನೆಗೆ ಉತ್ತರದ ತುದಿ ಸಿಕ್ಕಿತು. ತಾಮ್ರ ಎಲ್ಲ ಕಲ್ಲಿನಲ್ಲೂ ಕಣ್ಣಿಗೆ ಕಾಣದಷ್ಟು ಚದುರಿಕೊಂಡಿರುತ್ತದೆ. ನೆಲದಾಳದ ಬಿಸಿನೀರು ಬಿರುಕುಗಳಲ್ಲಿ ಹರಿಯುತ್ತಾ ಅದನ್ನು ಹೀರಿಕೊಂಡು ಬರುತ್ತದೆ. ನೀರಿನ ಬಿಸಿ ಆರಿದಲ್ಲಿ, ಅಥವಾ ಬೇರೆ ಗುಣದ ಕಲ್ಲು ತಾಗಿದಲ್ಲಿ, ಹೊತ್ತದ್ದನ್ನು ಇಳಿಸುತ್ತದೆ. ಅಪ್ಪನ ಮೋಡಿನ ವ್ಯಾಪಾರವೇ ಇದು. ಮನೆ ಮನೆಯಿಂದ ಕೂಡಿಸಿ ಒಂದು ಮೂಲೆಯಲ್ಲಿ ಗುಡ್ಡೆ ಹಾಕುವುದು.

ಹಾಗಾದರೆ ನಮ್ಮ ಕರಿಕಲ್ಲಿನಲ್ಲಿ ಚದುರಿದ ತಾಮ್ರವನ್ನೂ ನೀರು ಎಂದಾದರೂ ಕೂಡಿಸಿರಬೇಕಲ್ಲ? ಅಮೆರಿಕದಲ್ಲಿ ಒಂದು ದೊಡ್ಡ ಸರೋವರದ ದಂಡೆಗೆ ಇಂಥದೇ ಲಾವಾಕಲ್ಲಿನ ಗುಳಿಗಳಲ್ಲಿ ಶುದ್ಧ ತಾಮ್ರ ಸಿಕ್ಕು ಗಣಿಗಳೇ ನಡೆದವು. ನಮ್ಮಲ್ಲಿ ಗಣಿ ಬೇಡ, ಒಂದು ಚೂರು ಸಿಕ್ಕರೂ ನೀರಿನ ದಾರಿ ತಿಳಿಯುತ್ತದೆ. ದಾರಿ ತಿಳಿದರೆ ಬೇರೆ ಕಡೆ ಎಲ್ಲಿ ಹುಡುಕಬೇಕೆಂದೂ ತಿಳಿಯುತ್ತದೆ. ಇದನ್ನು ಹೇಳಿದಾಗಲೆಲ್ಲ ಕಚೇರಿಯಲ್ಲಿ ನಕ್ಕರು. ನಾನು ಬಿಡಲಿಲ್ಲ. ವರ್ಷ ವರ್ಷ ಅರ್ಜಿ ಹಾಕಿದೆ. ಕೊನೆಗೆ ಸೊಲ್ಲಾಪುರದ ಕಡೆಗೆ ಕಳಿಸಿದರು. ಕೊಳವೆಬಾವಿಗೆ ಜಾಗ ತೋರಿಸುವ ಕೆಲಸದ ಜೊತೆಗೆ ಇದನ್ನೂ ಮಾಡಿಕೋ ಎಂದರು.

ಅಕ್ಕಲಕೋಟ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ವಳಸಂಗದ ಹತ್ತಿರ ಖಡಿಗಾಗಿ, ಎಂದರೆ ಜಲ್ಲಿಗಾಗಿ, ಕಲ್ಲು ಒಡೆಯುವ ಕ್ವಾರಿ. ವಾರಕ್ಕೊಮ್ಮೆ ಅಲ್ಲಿ ಹೋಗಿ ಒಡೆದ ಕಲ್ಲುಗಳ ಮುಖ ನೋಡುತ್ತಿದ್ದೆ. ಒಂದು ದಿನ ಬಿಳಿ ಖನಿಜ ತುಂಬಿದ ಗುಳಿಯಲ್ಲಿ ಉಗುರಿನಷ್ಟು ಕೆಂಪು ಎಲೆ ಮಿನುಗಿತು. ತಾಮ್ರ. ಕಲ್ಲನ್ನು ಸೆರಗಿನಲ್ಲಿ ಸುತ್ತಿಕೊಂಡೆ. ಅಳುವೂ ಬಂತು, ಹೇಳಲು ನಾಚಿಕೆಯಿಲ್ಲ.

ಆ ಹೊತ್ತಿಗೆ ಹೊಸ ಯಂತ್ರ ಬಂದಿತ್ತು. ಪಿಸ್ತೂಲಿನಂತೆ ಹಿಡಿದು ಕಲ್ಲಿಗೆ ಒತ್ತಿದರೆ ಅದರಲ್ಲಿ ಏನೇನಿದೆ ಎಂದು ತೋರಿಸುತ್ತದೆ. ತಾಮ್ರ ಎಂದು ತೋರಿಸಿತು. ಆಗಲೂ ನನ್ನ ಮೇಲಧಿಕಾರಿಯಾಗಿದ್ದ ದೇಶಪಾಂಡೆ ಸಾಹೇಬರು ಬಂದರು. ಕಲ್ಲನ್ನು ನೋಡಿದರು, ಕ್ವಾರಿಯ ನೆಲ ನೋಡಿದರು. ಬಗ್ಗಿ ಮಣ್ಣಿನಿಂದ ಒಂದು ತುಂಡು ವೈರು ಎತ್ತಿದರು. ಸುರುಂಗ ಹಾರಿಸಲು ಎಳೆಯುವ ವೈರು. ಅಲ್ಲಿ ಎಲ್ಲೆಲ್ಲೂ ಬಿದ್ದಿರುತ್ತದೆ. ಯಂತ್ರವನ್ನು ಅದಕ್ಕೆ ಒತ್ತಿದರು. ಅದಕ್ಕೂ ತಾಮ್ರ ಎಂದೇ ತೋರಿಸಿತು.

"ಬಾಈ, ಹೀ ತಾರ ಆಹೆ" ಎಂದರು. ಇದು ವೈರು, ಅಷ್ಟೇ. ಮದ್ದಿನ ಹೊಡೆತಕ್ಕೆ ಬಿರುಕಿನಲ್ಲಿ ಸಿಕ್ಕಿಕೊಂಡಿದೆ ಎಂದು ಅವರ ವಾದ.

ಅಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಅಲ್ಲ ಎಂದು ತೋರಿಸಲು ಆಗಲಿಲ್ಲ. ಸಾಲದ್ದಕ್ಕೆ ನಾನು ಹುರುಪಿನಲ್ಲಿ ಕಟ್ಟಿ ತಂದ ಇನ್ನೊಂದು ಮಾದರಿಯ ತುದಿಗೆ ಸೂಕ್ಷ್ಮದರ್ಶಕದಲ್ಲಿ ಕೆಂಪು ಪ್ಲಾಸ್ಟಿಕ್ ಕಂಡಿತು. ಅದು ಖರೇನೇ ವೈರು! ಕಚೇರಿಯ ಜವಾನನಿಗೂ ಸುದ್ದಿ ಮುಟ್ಟಿತು. ಸಾಹೇಬರು ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಈ ಬೇಸಿಗೆ ಮುಗಿಯುವುದರೊಳಗೆ ಅನುಮಾನವಿಲ್ಲದ ಒಂದು ತುಂಡು ತನ್ನಿ. ಇಲ್ಲವಾದರೆ ತಾಮ್ರದ ಮಾತು ಬಿಟ್ಟು ಕೊಳವೆಬಾವಿ ನೋಡಿಕೊಳ್ಳಿ" ಎಂದರು.

ಅನುಮಾನವಿಲ್ಲದ ತುಂಡು ಎಲ್ಲಿಂದ ತರುವುದು? ಕ್ವಾರಿಗಳಲ್ಲೆಲ್ಲ ಮದ್ದು, ವೈರು. ರಸ್ತೆಗೆ ಕಡಿದ ಗುಡ್ಡದಲ್ಲೂ ಅದೇ. ಬಾವಿಗಳಿಗೂ ಸುರುಂಗ ಇಟ್ಟಿದ್ದಾರೆ. ಎಂದೂ ಸುರುಂಗ ಕಾಣದ ಆಳವಾದ ಕಲ್ಲು ಬೇಕು. ಹೀಗೆ ಯೋಚಿಸುತ್ತಾ ಕಾರಖಾನೆಗಳ ವಸಾಹತು ಎಂಐಡಿಸಿಯ ಮಗ್ಗಗಳ ಸದ್ದು ದಾಟಿ ಬಸ್ಸು ಹೋಗುತ್ತಿದ್ದಾಗ ಸಿದ್ರಾಮಪ್ಪ ನೆನಪಾದರು. ಮುಂದಿನ ನಿಲ್ದಾಣದಲ್ಲಿ ಇಳಿದು ಭಂಡಾರಕವಠೆಯ ಬಸ್ಸು ಹಿಡಿದೆ.

ಅವರ ಮೀಸೆ ಬೆಳ್ಳಗಾಗಿತ್ತು. ನನ್ನನ್ನು ಕಂಡ ಕೂಡಲೇ ಗುರುತಿಸಿದರು.

"ಬಾ ತಂಗಿ. ಭಾಂಡೆ ಸಾವ್ಕಾರರ ಮಗಳು. ಮೊಳಿ ಬಾಯಿ!"

ಮೊಳೆ ಅದ್ದಿ ನೋಡಿದ ಹೆಂಗಸು ಎಂದು ಆ ಊರಿನಲ್ಲಿ ನನಗೆ ಆ ಹೆಸರೇ ಉಳಿದಿತ್ತು.

"ಕಾಕಾ, ನಿಮ್ಮ ಬಾವ್ಯಾಗ ಇಳೀಬೇಕಾಗೇದ. ತಾಮ್ರ ಹುಡುಕಬೇಕು."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊಮ್ಮಕ್ಕಳನ್ನೂ ಸೊಸೆಯನ್ನೂ ಕರೆದು ಅದೇ ಮಾತನ್ನು ಇನ್ನೊಮ್ಮೆ ನನ್ನ ಬಾಯಲ್ಲಿ ಹೇಳಿಸಿದರು. ಆಮೇಲೆ ಮುಖ ಗಂಭೀರವಾಯಿತು.

"ಅವತ್ತ ಇಲ್ಲ ಅಂದಿ. ಇವತ್ತ ಅದ ಅಂತೀ?"

"ಹಸರ ತಾಮ್ರ ಅಲ್ಲ ಅಂದೆ. ಇವತ್ತೂ ಅದನ್ನs ಅಂತೀನಿ. ಆ ಹಸರಿನ ಬಾಜೂಕ, ಬಿಳಿ ಕಲ್ಲಿನ್ಯಾಗ ಖರೇ ತಾಮ್ರ ಇರಬಹುದು. ಇರಲಿಕ್ಕಿಲ್ಲ ಭೀ. ಪಣ್ ನೋಡಬೇಕಂದ್ರ ನಿಮ್ಮ ಬಾವಿ ಬಿಟ್ಟು ಬ್ಯಾರೆ ಜಾಗಾ ಇಲ್ಲ. ಸುರುಂಗ ಇಡದ ಬಾವಿ ಇದೊಂದs ಉಳದದ."

ಅವರು ಎದ್ದು ಬಾವಿಯ ದಂಡೆಯವರೆಗೂ ಹೋಗಿ ಬಂದರು. "ನೋಡಾಕ ಇಳಿ. ಪಣ್ ಒಯ್ಯೂದು ಒಂದs ಕಲ್ಲು. ದೇವರ ಬಾವಿ ಇದು, ಖಾಣಿ ಅಲ್ಲ. ಮತ್ತ ಒಯ್ದದ್ದರಾಗ ಅರ್ಧಾ ತಿರುಗಿ ಬರಬೇಕು."

ಒಪ್ಪಿದೆ. ಒಪ್ಪದೆ ಗತಿಯಿರಲಿಲ್ಲ.

ಬೇಸಿಗೆಯಲ್ಲಿ ನೀರು ತಳ ಹಿಡಿದಿತ್ತು. ಚಪ್ಪಲಿ ಬಿಟ್ಟು ಇಳಿದೆ. ಬಿಸಿಲೇರುವ ಮೊದಲು ಇಳಿದರೆ ಮೇಲೆ ಬರುವಾಗ ಸೀರೆಯ ಮೇಲೆಲ್ಲ ಹಸಿರು ಧೂಳು. ಒಂದು ಒಡೆದ ಗುಳಿಯ ಅಂಚಿನಲ್ಲಿ ಕೆಂಪು ಚುಕ್ಕೆ ಕಂಡಾಗ ಸಾಹೇಬರನ್ನು ಕರೆಸಿದೆ. ಅವರೂ ಬೂಟು ಬಿಟ್ಟು ಇಳಿದರು. ಚುಕ್ಕೆಯನ್ನು ನೋಡಿದರು, ಆಮೇಲೆ ತಳದಲ್ಲಿ ಹೊಳೆಯುತ್ತಿದ್ದ ಪೈಸೆಗಳನ್ನು ನೋಡಿದರು.

"ಭಕ್ತರು ತಾಮ್ರದ ಪೈಸೆ ಎಸೆದಿದ್ದಾರೆ. ಅದು ಕರಗಿ ಇಲ್ಲಿ ಕೂತಿಲ್ಲ ಎಂದು ಹೇಗೆ ಹೇಳುತ್ತೀರಿ? ಬಿರುಕಿಲ್ಲದ, ಪೂರ್ತಿ ಮುಚ್ಚಿದ ಗುಳಿಯೊಳಗೆ ತೋರಿಸಿ."

ಆ ಕ್ಷಣ ಅವರನ್ನು ಅಲ್ಲೇ ತಳದ ನೀರಿಗೆ ನೂಕಬೇಕೆನಿಸಿತು. ಆದರೆ ಅವರು ಕೇಳಿದ್ದು ಸರಿಯಾಗಿತ್ತು. ನನ್ನ ಕಷ್ಟವೆಂದರೆ, ಮುಚ್ಚಿದ ಗುಳಿಯೊಳಗೆ ಏನಿದೆ ಎಂದು ಕೊಯ್ಯದೆ ತಿಳಿಯುವುದಿಲ್ಲ. ಪಿಸ್ತೂಲು ಯಂತ್ರದ ಕಣ್ಣು ಅಷ್ಟು ಒಳಗೆ ಹೋಗುವುದಿಲ್ಲ. ನನಗೆ ಅಪ್ಪಣೆ ಇದ್ದದ್ದು ಒಂದೇ ಕಲ್ಲಿಗೆ. ಇಡೀ ಜನ್ಮದ ಪ್ರಶ್ನೆ ಒಂದು ಕಲ್ಲಿನ ಆಯ್ಕೆಗೆ ಬಂದು ನಿಂತಿತು.

ಒಡೆದ ಗುಳಿಗಳನ್ನೆಲ್ಲ ಮತ್ತೆ ಮೊದಲಿನಿಂದ ನೋಡಿದೆ. ಬರೀ ಹಸಿರು ತುಂಬಿದ್ದರಲ್ಲಿ ತಾಮ್ರ ಇರಲಿಲ್ಲ. ಬರೀ ಬಿಳುಪು ತುಂಬಿದ್ದರಲ್ಲೂ ಇರಲಿಲ್ಲ. ಕೆಂಪು ಚುಕ್ಕೆ ಇದ್ದದ್ದು ದಪ್ಪ ಹಸಿರಿನ ಮೇಲೆ ಬಿಳುಪು ಕೂತಿದ್ದಲ್ಲಿ, ಅವೆರಡರ ನಡುವೆ. ಮೊದಲು ಹಸಿರು ಕೂತಿದೆ, ಆಮೇಲೆ ಬೇರೆ ನೀರು ಬಂದಿದೆ, ಆ ನೀರು ಹಸಿರನ್ನು ತಾಗಿದಾಗ ತಾಮ್ರ ಇಳಿಸಿದೆ. ಹಾಗಾದರೆ ಹುಡುಕಬೇಕಾದದ್ದು ಆ ಎರಡೂ ಇರುವ ಗುಳಿ. ಅಂಥ ಗುಳಿಗಳ ಸಾಲಿನಲ್ಲೇ, ಕಲ್ಲಿನಲ್ಲಿ ಹುದುಗಿ ಹಸಿರು ಬೆನ್ನು ಮಾತ್ರ ತೋರುತ್ತಿದ್ದ, ಮೂಸಂಬಿ ಗಾತ್ರದ ಒಂದನ್ನು ಆರಿಸಿದೆ. ಸುತ್ತ ಕಲ್ಲು ಬಿಟ್ಟು, ಉಳಿಯಿಂದ ನಿಧಾನಕ್ಕೆ ಕಡಿದು ಬಿಡಿಸಿದೆವು.

ಸಿದ್ರಾಮಪ್ಪ ಕಲ್ಲಿಗೆ ಕುಂಕುಮ ಹಚ್ಚಿ, ಟವೆಲಿನಲ್ಲಿ ಸುತ್ತಿ, ಜೀಪಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ನನ್ನ ಕೈಗೂ ಕೊಡಲಿಲ್ಲ. ಎಂಐಡಿಸಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಒಂದು ಚಿಕ್ಕ ಕಾರಖಾನೆಗೆ ಹೋದೆವು. ಸಾಹೇಬರು ಕಲ್ಲಿನ ಸುತ್ತ ಭೂತಗನ್ನಡಿ ಓಡಿಸಿ ಒಂದೂ ಬಿರುಕಿಲ್ಲವೆಂದು ಖಾತ್ರಿ ಮಾಡಿಕೊಂಡು, ತಾವೇ ಸೀಮೆಸುಣ್ಣದಿಂದ ಗೆರೆ ಎಳೆದರು. "ಇಲ್ಲಿ ಕೊಯ್ಯಿ." ಗರಗಸ ತಿರುಗಿತು, ನೀರು ಚಿಮ್ಮಿತು. ಪಕ್ಕದ ಮಗ್ಗಗಳ ಸದ್ದಿನಲ್ಲಿ ಯಾರ ಮಾತೂ ಕೇಳುತ್ತಿರಲಿಲ್ಲ. ಸಿದ್ರಾಮಪ್ಪ ಕಣ್ಣು ಮುಚ್ಚಿದ್ದರು. ನಾನು ಮುಚ್ಚಲಿಲ್ಲ, ಏನು ಬಂದರೂ ನೋಡಿಯೇ ತೀರಬೇಕೆಂದು ನಿಂತಿದ್ದೆ.

ಕಲ್ಲು ಎರಡಾಯಿತು. ಕೆಲಸಗಾರ ಕೆಸರು ತೊಳೆದ. ಹೊರಗೆ ಹಸಿರು ಬಳೆ, ಒಳಗೆ ಬಿಳಿ ಹರಳು, ಅವೆರಡರ ನಡುವೆ ಜೋಳದ ಕಾಳಿನಷ್ಟು ಕೆಂಪು. ಅಂಚಿಗೆ ಎಲ್ಲೂ ತಾಗಿರಲಿಲ್ಲ. ಹರಳುಗಳ ಸಂದಿಗೆ ತಕ್ಕಂತೆ ಕವಲೊಡೆದು ಕೂತಿತ್ತು. ವೈರು ಹಾಗೆ ಕೂರುವುದಿಲ್ಲ, ಪೈಸೆ ಅಲ್ಲಿಗೆ ಹೋಗುವುದಿಲ್ಲ. ಅಪ್ಪ ತೀರಿಕೊಂಡು ಆಗ ಕೆಲವು ವರ್ಷಗಳಾಗಿದ್ದವು. ಅವರು ಇದ್ದು, ಆ ಕೆಂಪಿಗೆ ಉಗುರು ಹಾಕಿ ಕೆರೆದು ನೋಡಬೇಕಿತ್ತು.

ಸಾಹೇಬರು ಭೂತಗನ್ನಡಿ ಹಿಡಿದು ಎರಡೂ ತುಂಡುಗಳನ್ನು ನೋಡಿದರು. ಅದನ್ನು ಇಳಿಸಿ, ನನ್ನ ಕಡೆ ನೋಡದೆ ಸಿದ್ರಾಮಪ್ಪನ ಕಡೆ ತಿರುಗಿ, ಮರಾಠಿಯಲ್ಲಿ ಕೇಳಿದರು: ಈ ಬಾವಿಗೆ ಎಂದಾದರೂ, ಒಂದು ಸಲವಾದರೂ, ಸುರುಂಗ ಇಟ್ಟದ್ದುಂಟೇ?

"ಸುರುಂಗ?" ಸಿದ್ರಾಮಪ್ಪನ ದನಿ ಮಗ್ಗಗಳ ಸದ್ದನ್ನೂ ಮೀರಿತು. "ಸುರುಂಗ ಬ್ಯಾಡಂದಿದ್ದಕ್ಕ ತಮ್ಮಂದಿರು ಬ್ಯಾರೆ ಆದ್ರು ಸಾಹೇಬ್ರ! ನನ್ನ ಬಾವಿಗಿ ಸುರುಂಗ ಅಂದವರನ್ನ ನಾ ಅಂಗಳದಾಗ ನಿಂದ್ರಿಸಿಲ್ಲ."

ನಾನು ಮರಾಠಿಗೆ ತಿರುಗಿಸಿ ಹೇಳಬೇಕಾಗಲಿಲ್ಲ. ಸಾಹೇಬರು ತಲೆಯಾಡಿಸಿ, "ಬರೆಯಿರಿ ಬಾಈ" ಎಂದರು. ಅವರ ಬಾಯಿಂದ ನಾನು ಕೇಳಿದ ಹೊಗಳಿಕೆ ಅದೊಂದೇ. ಮುಂದಿನ ನೌಕರಿಯೆಲ್ಲ ನಾನು ಕೊಳವೆಬಾವಿಯ ಜಾಗ ತೋರಿಸದೆ ತಾಮ್ರದ ದಾರಿ ಹುಡುಕುತ್ತಾ ಕಳೆದದ್ದು ಆ ಒಂದು ಮಾತಿನಿಂದ.

ಅಂದು ಭಂಡಾರಕವಠೆಗೆ ಮೂವರೂ ವಾಪಸ್ ಹೋದೆವು. ಸಿದ್ರಾಮಪ್ಪ ತಮ್ಮ ಪಾಲಿನ ಅರ್ಧ ಕಲ್ಲನ್ನು ಬಾವಿಯ ಮೇಲಿನ ಗೂಡಿನಲ್ಲಿ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಈಗ ಹೇಳು. ಇದು ತಾಮ್ರದ ಬಾವಿ ಹೌದೋ ಅಲ್ಲೋ?"

"ಹಸರ ತಾಮ್ರ ಅಲ್ಲ ಕಾಕಾ. ಆ ಕೆಂಪು ತಾಮ್ರ ಹೌದು."

"ಅಂದ್ರ ಅರ್ಧಾ ನೀ ಖರೆ, ಅರ್ಧಾ ನಾ ಖರೆ" ಎಂದರು. "ಕಲ್ಲಿನಂಗ."

ತಂಬಿಗೆಯಲ್ಲಿ ನೀರು ಸೇದಿ ಕೊಟ್ಟರು. ಕುಡಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ರುಚಿ ಹೆಂಗದ?"

ಒಂದು ಸುಳ್ಳು ಹೇಳಿದ್ದರೆ ಆ ಮುದುಕನಿಗೆ ಎಷ್ಟು ಸಂತೋಷವಾಗುತ್ತಿತ್ತೋ. ಆ ಬಾವಿಗೂ ಆ ಮನುಷ್ಯನಿಗೂ ನಾನು ಇಡೀ ನೌಕರಿಯ ಋಣಿ.

"ನೀರಿನಂಗ ಅದ ಕಾಕಾ."

ಸಿದ್ರಾಮಪ್ಪ ಗಟ್ಟಿಯಾಗಿ ನಕ್ಕು ತಂಬಿಗೆಯನ್ನು ಮತ್ತೆ ತುಂಬಿಸಿದರು. ಅದನ್ನು ಕೈಚಾಚಿ ತೆಗೆದುಕೊಂಡವರು ದೇಶಪಾಂಡೆ ಸಾಹೇಬರು. ಪೂರ್ತಿ ಕುಡಿದು ಬಾಯಿ ಒರೆಸಿಕೊಂಡು, ಜೀಪಿನಲ್ಲಿದ್ದ ತಮ್ಮ ಬಾಟಲಿಯನ್ನೂ ತುಂಬಿಸಿಕೊಂಡು ಬರಲು ನನಗೆ ಹೇಳಿದರು.